ಹೆಬ್ಬೆಟ್ಟಿನ ಜಾಗ

ಒಂದು ಪೆಟ್ಟಿಗೆಗೆ ಐವತ್ತು ಸೀಮೆಸುಣ್ಣ. ಹತ್ತರಂತೆ ಐದು ಸಾಲು, ಸಾಲುಗಳ ನಡುವೆ ಒಂದೊಂದು ಚೂರು ರದ್ದಿ ಕಾಗದ, ಮೇಲೆ ಮುಚ್ಚಳ. ಪುಟ್ಟಿ ಈ ಕೆಲಸವನ್ನು ಆರು ವರ್ಷಗಳಿಂದ ಒಂದೇ ಕೈಯಲ್ಲಿ ಮಾಡುತ್ತಿದ್ದಳು. ಎಡಗೈ ಹುಟ್ಟಿನಿಂದಲೇ ಮುಷ್ಟಿ ಕಟ್ಟಿಕೊಂಡು ಎದೆಗಂಟಿ ಕೂತಿತ್ತು. ಬಲಗೈ ನಡುಗುತ್ತಿತ್ತು, ಆದರೂ ಹೇಳಿದಷ್ಟು ಮಾಡುತ್ತಿತ್ತು. ಹಟಮಾರಿ ಎಂದರೆ ನಾಲಿಗೆ. ಮನಸ್ಸಿನಲ್ಲಿ ನೆಟ್ಟಗೆ ಹೊರಟ ಮಾತು ತುಟಿಗೆ ಬರುವಷ್ಟರಲ್ಲಿ ನೀರಲ್ಲಿ ನೆಂದ ಕಾಗದದಂತೆ ಮುದ್ದೆಯಾಗಿರುತ್ತಿತ್ತು. ಆ ಮುದ್ದೆಯನ್ನು ಬಿಡಿಸಿ ಅರ್ಥ ಮಾಡಿಕೊಳ್ಳಬಲ್ಲವಳು ಒಬ್ಬಳೇ, ಅವಳ ಅಮ್ಮ.

ವಯಸ್ಸು ಇಪ್ಪತ್ತನಾಲ್ಕು ದಾಟಿದ್ದರೂ ಎಲ್ಲರ ಬಾಯಲ್ಲೂ ಪುಟ್ಟಿಯೇ. ಬೆಳೆಯಲು ಬಿಡದವರು ಇಡುವ ಹೆಸರೇ ಹಾಗೆ.

ಆರು ವರ್ಷದವಳಿದ್ದಾಗ ಅಮ್ಮ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಗೆ ಹೋಗಿದ್ದಳು. ಹೆಡ್‌ಮಾಸ್ತರು ಪೆನ್ಸಿಲು ಕೊಟ್ಟರು. ಅದು ಮೂರು ಸಲ ಬಿತ್ತು. ಹೆಸರು ಕೇಳಿದರು, ಹೇಳಿದ್ದು ಅವರ ಕಿವಿಗೆ ಹೆಸರಿನಂತೆ ಕೇಳಲಿಲ್ಲ. "ಬುದ್ಧಿ ಬೆಳೆದಿಲ್ಲ ಕಣಮ್ಮ, ಪಾಪ, ಮನೇಲೇ ಇರಲಿ," ಎಂದರು. ಅಲ್ಲಿಗೆ ಒಂದು ಹುಡುಗಿಯ ವಿದ್ಯಾಭ್ಯಾಸ ಮುಗಿಯಿತು. ಹನ್ನೆರಡು ವರ್ಷ ಮನೆಯೊಳಗೆ ಗೋಡೆ ನೋಡಿದ ಮೇಲೆ ಅವಳಿಗೆ ಸಿಕ್ಕಿದ್ದು ಉದ್ಯೋಗ ತರಬೇತಿ ಕೇಂದ್ರ. ಅಲ್ಲಿ ಸೀಮೆಸುಣ್ಣ ತಯಾರಾಗುತ್ತಿತ್ತು. ಊರಿನ ಶಾಲೆಗಳಿಗೆಲ್ಲ ಅಲ್ಲಿಂದಲೇ ಹೋಗುತ್ತಿತ್ತು, ಆ ಹೆಡ್‌ಮಾಸ್ತರ ಶಾಲೆಗೂ. ಕರಿಹಲಗೆಗಳಿಗೆ ಸುಣ್ಣ ತುಂಬಿ ಕಳಿಸಿದ ಕೈಗೆ ಒಂದು ಅಕ್ಷರ ತೋರಿಸಲು ಮಾತ್ರ ಯಾವ ಕರಿಹಲಗೆಗೂ ಪುರುಸೊತ್ತಿರಲಿಲ್ಲ. ಕೇಂದ್ರದ ಒಳಗೂ ಬರೆಯುವಂತಿರಲಿಲ್ಲ. ಮುರಿದ ತುಂಡುಗಳೂ ನೀರಿನ ತೊಟ್ಟಿಗೆ ವಾಪಸಾಗಬೇಕು, ಕರಗಿ ಮತ್ತೆ ಅಚ್ಚಿಗೆ ಬೀಳಬೇಕು. ಬರೆಯುವುದೆಂದರೆ ಮಾಲು ಹಾಳು ಮಾಡುವುದು.

ಅವಳ ಪಕ್ಕದಲ್ಲಿ ಅಣ್ಣ ಕೂರುತ್ತಿದ್ದ. ಎಲ್ಲರೂ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದರು, ಅವನಿಗೆ ಅದು ಕೇಳಿಸುತ್ತಿರಲಿಲ್ಲ. ಕಿವಿ ಹುಟ್ಟಿನಿಂದಲೇ ಇಲ್ಲ. ಅವನ ತಲೆ ತರಬೇತಿಯಲ್ಲೇ ನರೆತಿತ್ತು. ನಲವತ್ತಾಗಿತ್ತು, ಇನ್ನೂ ಕಲಿಯುತ್ತಿದ್ದ. ಏನನ್ನು ಎಂದು ಯಾರೂ ಕೇಳಿರಲಿಲ್ಲ.

ವರ್ಷಕ್ಕೊಮ್ಮೆ ಸಂದರ್ಶನ. ಔಷಧಿ ಕಾರ್ಖಾನೆಯ ಲೇಬಲ್ ವಿಭಾಗದಲ್ಲಿ ಅಂಗವಿಕಲರಿಗೆಂದೇ ತೆಗೆದಿಟ್ಟ ಜಾಗಗಳಿದ್ದವು. ಡಬ್ಬಿಯ ಮೇಲಿನ ಚೀಟಿಯನ್ನೂ ಪೆಟ್ಟಿಗೆಯ ಮೇಲಿನ ಚೀಟಿಯನ್ನೂ ಹೋಲಿಸಿ ನೋಡುವ ಕೆಲಸ. ಒಂದು ಕೈ ಸಾಕು, ಬಾಯಿ ಬೇಕಾಗಿಯೇ ಇಲ್ಲ. ಪುಟ್ಟಿ ಮೂರು ವರ್ಷ ಅರ್ಜಿ ಹಾಕಿದಳು. ಮೂರು ಸಲವೂ ಅರ್ಜಿಯ ಮೇಲೆ ನೀಲಿ ಸೀಲು ಬಿದ್ದು ವಾಪಸು ಬಂತು.

"ಓದೋಕೆ ಬರಲ್ಲವಲ್ಲ ಪುಟ್ಟಿ, ಅದೊಂದೇ ತೊಂದರೆ," ಎನ್ನುತ್ತಿದ್ದರು ಕೇಂದ್ರದ ಮೇಡಂ, ತಲೆ ಸವರುತ್ತಾ. "ಓದು ಬಂದಿದ್ರೆ ಕಣ್ಮುಚ್ಚಿಕೊಂಡು ತಗೋತಿದ್ರು." ಹಾಗೆನ್ನುತ್ತಲೇ ಅವಳ ಹೆಬ್ಬೆರಳನ್ನು ಶಾಯಿಗೆ ಅದ್ದಿ ಅರ್ಜಿಯ ಕೊನೆಯಲ್ಲಿದ್ದ ಚೌಕದೊಳಗೆ ಒತ್ತಿಸುತ್ತಿದ್ದರು. ಆ ಹೆಬ್ಬೆಟ್ಟು ಬಿದ್ದರೆ ಇನ್ನೊಂದು ವರ್ಷಕ್ಕೆ ತರಬೇತಿ, ಬಸ್ ಪಾಸು, ಮತ್ತೆ ಸೀಮೆಸುಣ್ಣ.

ಮೂರನೇ ಸಲ ಅರ್ಜಿ ವಾಪಸಾದ ದಿನ ಪುಟ್ಟಿ ಸಾಲುಮನೆಗಳ ಮುಂದಿನ ಕಟ್ಟೆಯ ಮೇಲೆ ಹೊತ್ತು ಇಳಿಯುವವರೆಗೂ ಕೂತಿದ್ದಳು. ಎದುರು ಮನೆಯ ಮೊಳೆ ತಾತ ಅವಳ ಕೈಯನ್ನೇ ನೋಡುತ್ತಿದ್ದರು. ಅವರು ನಲವತ್ತು ವರ್ಷ ಅಚ್ಚುಕೂಟದಲ್ಲಿ ಸೀಸದ ಮೊಳೆ ಜೋಡಿಸಿದವರು. ಒಂದು ಮೊಳೆಯ ತುದಿಯಲ್ಲಿ ಒಂದು ಅಕ್ಷರ. ಒಂದೊಂದೇ ಎತ್ತಿ ಸಾಲು ಕಟ್ಟಿದರೆ ಪುಸ್ತಕ. ಕಂಪ್ಯೂಟರು ಬಂದು ಅಚ್ಚುಕೂಟ ಮುಚ್ಚಿದಾಗ ಮಾಲೀಕರು ಮೊಳೆಯನ್ನೆಲ್ಲ ಕರಗಿಸಲು ಹೊರಟರು. ಇವರು ಅಡ್ಡಬಿದ್ದು ಒಂದು ಪೆಟ್ಟಿಗೆ ಉಳಿಸಿಕೊಂಡು ಮನೆಗೆ ಹೊತ್ತುತಂದಿದ್ದರು. ಸೊಸೆ ಅದರ ಮೇಲೆ ಬಟ್ಟೆ ಮಡಚಿಡುತ್ತಿದ್ದಳು.

"ಏನೇ ಪುಟ್ಟಿ," ಎಂದರು ತಾತ, "ಅದೇನು ಬೆರಳೋ ಇಕ್ಕಳವೋ? ಎರಡು ಬೆರಳಲ್ಲಿ ಸುಣ್ಣದ ಕಡ್ಡಿ ಎತ್ತೋದನ್ನ ಆ ಕೇಂದ್ರಕ್ಕೆ ಬಂದಾಗ ನೋಡಿದೀನಿ. ಬಾ ಇಲ್ಲಿ."

ಪೆನ್ಸಿಲು ಹಗುರ; ನಡುಕಕ್ಕೆ ಸಿಕ್ಕಿ ಹಾರಿಹೋಗುತ್ತದೆ. ಸೀಸಕ್ಕೆ ತೂಕವಿದೆ. ಅದು ಬೆರಳ ನಡುವೆ ಕೂತು ನಡುಕವನ್ನೇ ಹಿಡಿದು ಕೂರಿಸುತ್ತದೆ. ಅಷ್ಟು ಸಣ್ಣ ಮಾತನ್ನು ಇಪ್ಪತ್ತಮೂರು ವರ್ಷ ಯಾವ ಮಾಸ್ತರೂ ಯೋಚಿಸಿರಲಿಲ್ಲ. ತಾತ ಅವಳ ತೊಡೆಯ ಮೇಲೆ ಮೊಳೆ ಜೋಡಿಸುವ ಕಬ್ಬಿಣದ ಸ್ಟಿಕ್ಕು ಇಟ್ಟರು. ಅದು ಮೂರು ಕಡೆ ಅಂಚಿರುವ ಗೇಣುದ್ದದ ತಟ್ಟೆ. ಅವಳು ಮುಂದಕ್ಕೆ ಬಾಗಿ, ಎದೆಗಂಟಿದ ಎಡಗೈಯ ಮೊಣಕೈಯಿಂದ ಅದನ್ನು ಒತ್ತಿಹಿಡಿದಳು. ಬಲಗೈ ಮೊದಲ 'ಅ' ಎತ್ತಿತು. ಬೀಳಲಿಲ್ಲ.

"ಕೈ ತೊಳೆಯದೆ ಬಾಯಿಗೆ ಇಟ್ಟೀಯ ಮತ್ತೆ, ಸೀಸ ಅದು," ಎಂದರು ತಾತ. "ನಾನು ನಲವತ್ತು ವರ್ಷ ತಿಂದು ಹೀಗಾಗಿದೀನಿ ನೋಡು."

ಪ್ರತಿ ಸಂಜೆ ಒಂದು ಗಂಟೆ. ಪುಟ್ಟಿಯ ಮಾತು ತಾತನಿಗೂ ಅರ್ಥವಾಗುತ್ತಿರಲಿಲ್ಲ, ಆದರೆ ಇಲ್ಲಿ ಮಾತಾಡುವ ಕೆಲಸವೇ ಇರಲಿಲ್ಲ. ಅವರು ಹೇಳಿದ ಪದವನ್ನು ಅವಳು ಜೋಡಿಸುವಳು, ಕಣ್ಣಿಗೆ ಪೊರೆ ಬಂದಿದ್ದ ತಾತ ಅದರ ಮೇಲೆ ಬೆರಳಾಡಿಸಿ, "ಒತ್ತಕ್ಷರ ಎಲ್ಲಿ ಹೋಯ್ತು, ನುಂಗಿಬಿಟ್ಯಾ?" ಎಂದು ಕೇಳುವರು. ಯಾರೂ ಅವಳನ್ನು ಇಷ್ಟು ಸಲೀಸಾಗಿ ಬೈದಿರಲಿಲ್ಲ. ಪಾಪ ಎನ್ನದೆ ಬೈಯುವವರಿದ್ದಾರೆ ಎಂಬುದೇ ಅವಳಿಗೆ ಹೊಸ ಸುದ್ದಿ.

ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಾ ಅಂಗಡಿಯ ಬೋರ್ಡು ನೋಡಿದಳು. ಒಂದಕ್ಷರವೂ ಗುರುತು ಸಿಗಲಿಲ್ಲ. ಬೋರ್ಡನ್ನು ಯಾರೋ ಉಲ್ಟಾ ಮೊಳೆ ಹೊಡೆದು ನಿಲ್ಲಿಸಿದ್ದಾರೆ ಎಂದುಕೊಂಡಳು. ಮುಂದಿನ ಅಂಗಡಿಯದೂ ಉಲ್ಟಾ. ಬಂದ ಬಸ್ಸೂ ಉಲ್ಟಾ! ಸಂಜೆ ಅವಳು ಕೈ ಆಡಿಸಿ, ತಲೆ ಬಾಗಿಸಿ ಅದನ್ನು ವಿವರಿಸಿದಾಗ ತಾತ ಹಣೆ ಚಚ್ಚಿಕೊಂಡರು. ಅಚ್ಚಿನ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಇರುತ್ತದೆ. ಜೋಡಿಸುವವರು ಅದನ್ನು ತಲೆಕೆಳಗಾಗಿ ನಿಲ್ಲಿಸಿ ಎಡದಿಂದ ಬಲಕ್ಕೆ ಓದುತ್ತಾರೆ. ಕಾಗದದ ಮೇಲೆ ಒತ್ತಿದಾಗಲೇ ಅದು ನೆಟ್ಟಗಾಗುವುದು. ನಲವತ್ತು ವರ್ಷ ಆ ಕಡೆಯಿಂದಲೇ ಓದಿ ಓದಿ, ಜನ ಈ ಕಡೆಯಿಂದ ಓದುತ್ತಾರೆ ಎಂದು ಹೇಳುವುದನ್ನೇ ಅವರು ಮರೆತಿದ್ದರು.

"ಲೋಕಕ್ಕೆಲ್ಲ ಹಿಂದುಮುಂದಾಗಿ ಕಲಿಸಿಬಿಟ್ನಲ್ಲೇ ನಿಂಗೆ!" ತಾತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವಳೂ ನಕ್ಕಳು. ಅವಳ ನಗು ಕೇಳಿ ಸೊಸೆ ಹೆದರಿ ಬಾಗಿಲಿಗೆ ಬಂದಳು.

ಆಮೇಲೆ ಕಾಗದದ ಓದೂ ಬಂತು, ನಿಧಾನವಾಗಿ. ತಲೆಕೆಳಗಿನದು ಮಾತ್ರ ಯಾವತ್ತೂ ಬೇಗ. ಬರವಣಿಗೆ ಬರಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ತಾತನ ಮಗನಿಗೆ ಬೇರೆ ಊರಿಗೆ ವರ್ಗವಾಯಿತು. ಸಾಮಾನಿನ ಲಾರಿಯಲ್ಲಿ ಮೊಳೆಯ ಪೆಟ್ಟಿಗೆಗೆ ಜಾಗವಿಲ್ಲ ಎಂದರು. ತಾತ ಅದನ್ನು ಪುಟ್ಟಿಯ ಬಾಗಿಲಲ್ಲಿ ಇಳಿಸಿ, ಸ್ಟಿಕ್ಕನ್ನೂ ಶಾಯಿಯ ಒಂದು ಸಣ್ಣ ಡಬ್ಬಿಯನ್ನೂ ಮೇಲಿಟ್ಟು ಹೊರಟರು. ಎದುರು ಮನೆಗೆ ಬೇರೆಯವರು ಬಂದರು. ಪುಟ್ಟಿ ಸಂಜೆ ಹೊತ್ತು ಪದಗಳನ್ನು ಜೋಡಿಸಿ ತಾನೇ ಬೆರಳಾಡಿಸಿ ನೋಡುವಳು. ತಪ್ಪು ಹಿಡಿಯುವವರಿರಲಿಲ್ಲ. ಓದು ಬಂದರೆ ಜೊತೆ ಸಿಗುತ್ತದೆ ಎಂದುಕೊಂಡಿದ್ದಳು. ಈಗ ಬಸ್ಸಿನ ಬೋರ್ಡು, ಗೋಡೆಯ ಬರಹ, ಬ್ರೆಡ್ಡಿನ ಪೊಟ್ಟಣ ಎಲ್ಲವೂ ಅವಳೊಂದಿಗೆ ಮಾತಾಡುತ್ತಿದ್ದವು, ಅವುಗಳಲ್ಲಿ ಯಾವುದಕ್ಕೂ ಅವಳು ತಿರುಗಿ ಉತ್ತರ ಕೊಡುವಂತಿರಲಿಲ್ಲ.

ನಾಲ್ಕನೇ ಸಂದರ್ಶನ ಶನಿವಾರಕ್ಕೆ ಬಂತು.

"ಜಾಸ್ತಿ ಬಾಯಿ ಬಿಡಬೇಡ," ಎಂದಳು ಅಮ್ಮ, ಅವಳ ಜಡೆ ಬಿಗಿಯುತ್ತಾ. ಅಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವವಳು. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಆರಕ್ಕೆ ಬರುವವಳು. "ಸಿಕ್ಕರೆ ಸಿಗಲಿ. ಸಿಗದಿದ್ರೆ ಕೇಂದ್ರನಾದ್ರೂ ಉಳೀಲಿ. ಅದೂ ಹೋದ್ರೆ ಹಗಲೆಲ್ಲ ನಿನ್ನನ್ನ ಯಾರ ಹತ್ರ ಬಿಡಲಿ ಹೇಳು?"

"ನಂಗೆ ಓದೋಕೆ ಬರುತ್ತಮ್ಮ."

"ಗೊತ್ತು ಕಣೇ. ನಂಗೆ ಗೊತ್ತು. ಅವರಿಗೆ ಗೊತ್ತಾಗ್ಬೇಕಲ್ಲ."

ಕೇಂದ್ರದ ಆಫೀಸು ಕೋಣೆಯಲ್ಲಿ ಒಂದು ಮೇಜು. ಆ ಕಡೆ ಸಂದರ್ಶನ ನಡೆಸಲು ಬಂದ ಸಾಹೇಬರು, ಅವರ ಪಕ್ಕ ಮೇಡಂ. ಈ ಕಡೆ ಅಮ್ಮ ಮತ್ತು ಪುಟ್ಟಿ. ಅವರು ಒಳಗೆ ಬರುವಾಗ ಸಾಹೇಬರು ಸೀಲನ್ನು ಶಾಯಿ ಮೆತ್ತೆಯ ಮೇಲೆ ಎರಡು ಸಲ ಕುಟ್ಟಿ ಪಕ್ಕಕ್ಕೆ ಮಲಗಿಸಿದರು. ಹೊರಗೆ ಬೆಂಚಿನ ಮೇಲೆ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು, ಅಣ್ಣನೂ ಸೇರಿ.

"ವಯಸ್ಸೆಷ್ಟಮ್ಮ ಇವಳಿಗೆ?" ಸಾಹೇಬರು ಅಮ್ಮನನ್ನು ಕೇಳಿದರು.

"ಇಪ್ಪತ್ತನಾಲ್ಕು ಸಾರ್."

"ಊಟ ಗೀಟ ತಾನೇ ಮಾಡ್ಕೋತಾಳಾ?"

"ಮಾಡ್ಕೋತಾಳೆ ಸಾರ್."

"ಈ ಸಲ ಓದೋಕೆ ಕಲ್ತಿದಾಳಂತೆ ಸಾರ್," ಎಂದರು ಮೇಡಂ, ಪುಟ್ಟ ಮಗು ಹಾಡು ಹೇಳುತ್ತದಂತೆ ಎನ್ನುವ ಧಾಟಿಯಲ್ಲಿ.

"ಓಹೋ! ಎಲ್ಲಿ, ಓದಮ್ಮ ನೋಡೋಣ." ಸಾಹೇಬರು ಔಷಧಿಯ ಒಂದು ಚೀಟಿ ಮುಂದಿಟ್ಟರು.

ಪುಟ್ಟಿ ಓದಿದಳು. ಒಂದೊಂದು ಪದಕ್ಕೂ ಇಡೀ ಮೈಯನ್ನು ಒಟ್ಟುಮಾಡಿ, ಕತ್ತಿನ ನರ ಬಿಗಿದು, ಎರಡು ಸಾಲು ಮುಗಿಸಿದಳು. ಹಣೆಯ ಮೇಲೆ ಬೆವರು ಬಂತು.

ಸಾಹೇಬರು ಅಮ್ಮನ ಕಡೆ ತಿರುಗಿದರು. "ಏನಂದ್ಲು?"

"ಬೆಳಕು ತಾಗದ ತಂಪು ಜಾಗದಲ್ಲಿ ಇಡಿ ಅಂತ ಸಾರ್. ಮಕ್ಕಳ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ ಅಂತ."

"ನೀವೇ ಓದಿ ಹೇಳಿದ್ರೆ ಹೇಗಮ್ಮ ಮತ್ತೆ?"

"ಅಯ್ಯೋ, ನಂಗೆಲ್ಲಿ ಓದು ಬರುತ್ತೆ ಸಾರ್? ಅವಳು ಹೇಳಿದ್ದನ್ನೇ ಹೇಳ್ದೆ."

ಸಾಹೇಬರು ನಕ್ಕರು. "ಭೇಷ್ ಭೇಷ್. ಒಳ್ಳೇದಾಯ್ತು." ಅರ್ಜಿಯನ್ನು ಎಳೆದುಕೊಂಡು ಮೇಡಂ ಜೊತೆ ಬಿಸಿಲಿನ ಬಗ್ಗೆ, ಮಧ್ಯಾಹ್ನದ ಊಟದ ಬಗ್ಗೆ ಮಾತಿಗಿಳಿದರು.

ಪುಟ್ಟಿಯ ಎದೆ ಹಗುರಾಗಿ ಹಾರುತ್ತಿತ್ತು. ಓದಿಬಿಟ್ಟಿದ್ದಳು. ಅಮ್ಮ ಸಾಕ್ಷಿ ಹೇಳಿಬಿಟ್ಟಿದ್ದಳು. ಕಣ್ಣು ಎಲ್ಲಿ ನಿಲ್ಲಲಿ ಎಂದು ತಿಳಿಯದೆ ಮೇಜಿನ ಮೇಲೆ ಅಲೆದಾಡಿ ಸೀಲಿನ ಮೇಲೆ ನಿಂತಿತು.

ಅದು ಪಕ್ಕಕ್ಕೆ ಮಲಗಿತ್ತು, ಮುಖ ಅವಳ ಕಡೆಗೆ. ರಬ್ಬರಿನ ಮೇಲೆ ಶಾಯಿ ಒದ್ದೆಯಾಗಿ ಹೊಳೆಯುತ್ತಿತ್ತು. ಅಕ್ಷರಗಳು ತಲೆಕೆಳಗಾಗಿ, ಎಡದಿಂದ ಬಲಕ್ಕೆ, ತಾತನ ಸ್ಟಿಕ್ಕಿನಲ್ಲಿ ನಿಲ್ಲುವ ಹಾಗೆಯೇ ನಿಂತಿದ್ದವು. ಕಾಗದದ ಅಕ್ಷರವಾಗಿದ್ದರೆ ಅವಳಿಗೆ ಹೊತ್ತು ಬೇಕಾಗುತ್ತಿತ್ತು. ಇದಕ್ಕೆ ರೆಪ್ಪೆ ಬಡಿಯುವಷ್ಟೂ ಬೇಕಾಗಲಿಲ್ಲ.

'ತರಬೇತಿ ಮುಂದುವರಿಸುವುದು.'

ಅವಳು ಮೇಜನ್ನೆಲ್ಲ ಹುಡುಕಿದಳು. ಫೈಲುಗಳ ಹಿಂದೆ, ನೀರಿನ ಲೋಟದ ಪಕ್ಕ, ಮೇಡಂ ಕೈಚೀಲದ ಹತ್ತಿರ. ಎರಡನೆಯ ಸೀಲು ಇರಲಿಲ್ಲ. ಸಾಹೇಬರು ಊರಿಂದ ತಂದದ್ದೇ ಒಂದು. ಇವಳು ಓದುವ ಮೊದಲೇ, ಬಾಗಿಲು ದಾಟುವ ಮೊದಲೇ ಅದಕ್ಕೆ ಶಾಯಿ ಬಿದ್ದಿತ್ತು. ಹೊರಗೆ ಕೂತ ಒಂಬತ್ತು ಜನಕ್ಕೂ ಅದೇ. ಸೀಮೆಸುಣ್ಣ ತುಂಬುವ ಕೈಗಳು ಕಾರ್ಖಾನೆಗೆ ಹೋಗಿಬಿಟ್ಟರೆ ಸೀಮೆಸುಣ್ಣ ತುಂಬುವವರು ಯಾರು?

ಅವಳು ಅದನ್ನು ಹೇಳಿದಳು. ಬಾಯಿ ತೆರೆದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹೇಳಿದಳು: "ಸೀಲಿನಲ್ಲಿ ಮೊದಲೇ ಬರ್ದಿದೆ. ತರಬೇತಿ ಮುಂದುವರಿಸುವುದು ಅಂತ. ಬೇರೆ ಸೀಲೇ ಇಲ್ಲ. ಮತ್ತೆ ನನ್ನನ್ನ ಯಾಕೆ ಓದಿಸಿದ್ರಿ, ಕೇಳಮ್ಮ."

ಕೋಣೆಗೆ ಕೇಳಿದ್ದು ಒಂದು ನರಳಿಕೆ. ಮೇಡಂ ನೀರಿನ ಲೋಟ ಮುಂದಕ್ಕೆ ತಳ್ಳಿದರು.

"ಏನಂತೆ?" ಎಂದರು ಸಾಹೇಬರು.

ಅಮ್ಮನಿಗೆ ಪ್ರತಿ ಅಕ್ಷರವೂ ಅರ್ಥವಾಗಿತ್ತು. ಅದು ಅವಳ ಮುಖದಲ್ಲಿ ಕಂಡಿತು, ಕಂಡು ಮಾಯವಾಯಿತು. ಅವಳು ಸೀಲನ್ನು ನೋಡಿದಳು, ಮೇಡಂ ಮುಖ ನೋಡಿದಳು.

"ಥ್ಯಾಂಕ್ಸ್ ಹೇಳ್ತಾಳೆ ಸಾರ್," ಎಂದಳು.

ಸಾಹೇಬರು ತಲೆದೂಗಿ ಸೀಲು ಎತ್ತಿಕೊಂಡರು. ಆಗ ಪುಟ್ಟಿ ಬಲಗೈಯನ್ನು ಮುಂದೆ ಚಾಚಿ ಅರ್ಜಿಯ ಮೇಲೆ ಅಂಗೈ ಒತ್ತಿಟ್ಟಳು. ಕಾಗದ ಅವಳ ಕೈಯೊಂದಿಗೆ ನಡುಗಿತು. ಸೀಲು ಗಾಳಿಯಲ್ಲಿ ನಿಂತಿತು.

"ಕೈ ತೆಗಿಯಮ್ಮ," ಎಂದರು ಸಾಹೇಬರು. ಅವಳು ತೆಗೆಯಲಿಲ್ಲ.

"ಪುಟ್ಟಿ, ಜಾಣೆ ಅಲ್ವಾ ನೀನು?" ಎಂದರು ಮೇಡಂ. ತೆಗೆಯಲಿಲ್ಲ.

"ಏನಮ್ಮ ಇದು? ಹೊರಗೆ ಜನ ಕಾಯ್ತಿದಾರೆ," ಸಾಹೇಬರು ಅಮ್ಮನಿಗೆ ಹೇಳಿದರು.

ಅಮ್ಮನಿಗೆ ಆ ಕೈಯ ಬೀಗ ಎಲ್ಲಿದೆಯೆಂದು ಗೊತ್ತಿತ್ತು. ಇಪ್ಪತ್ತನಾಲ್ಕು ವರ್ಷ ಆ ಕೈಯನ್ನು ತೊಳೆದು, ತೋಳಿಗೆ ಬಟ್ಟೆ ಏರಿಸಿ, ಬಿಗಿದುಕೊಂಡಾಗ ಸಡಿಲಿಸಿದವಳು ಅವಳೇ. ಮಣಿಕಟ್ಟಿನ ಒಳಗಡೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು. ನೋಯಿಸಲಿಲ್ಲ. ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು. ಅಮ್ಮ ಆ ಕೈಯನ್ನು ಎತ್ತಿ, ಮಗಳ ಮಡಿಲಲ್ಲಿಟ್ಟು, ಅದರ ಮೇಲೆ ತನ್ನ ಕೈ ಇಟ್ಟುಕೊಂಡು ಕೂತಳು.

ಸೀಲು ಬಿತ್ತು.

ಭಾನುವಾರ ಅಮ್ಮ ಕಾರ್ಖಾನೆಯಿಂದ ತಂದಿದ್ದ ಅಂಗಿಗಳಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು. ಹೆಬ್ಬೆಟ್ಟಿಗಾಗಿ ಸೋಮವಾರ ಕೇಂದ್ರಕ್ಕೆ ಹಿಂದಿರುಗಿಸಬೇಕಿದ್ದ ಅರ್ಜಿ ಗೋಡೆಯ ಗೂಡಿನಲ್ಲಿತ್ತು. ಪುಟ್ಟಿ ಅದನ್ನು ಇಳಿಸಿಕೊಂಡು ಓದಿದಳು. ಎಲ್ಲಕ್ಕಿಂತ ಕೆಳಗೆ, ಹೆಬ್ಬೆಟ್ಟಿನ ಚೌಕದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಅಚ್ಚಾಗಿತ್ತು: 'ಮೇಲಿನದನ್ನು ನನಗೆ ಓದಿ ಹೇಳಲಾಗಿದೆ. ಅದಕ್ಕೆ ನನ್ನ ಒಪ್ಪಿಗೆ ಇದೆ.'

ಮೂರು ವರ್ಷ ಮೂರು ಸಲ ಅದರ ಕೆಳಗೆ ಅವಳ ಹೆಬ್ಬೆರಳನ್ನು ಒತ್ತಿದ್ದರು. ಯಾರೂ ಯಾವತ್ತೂ ಏನನ್ನೂ ಓದಿ ಹೇಳಿರಲಿಲ್ಲ.

ಅವಳು ಮೊಳೆಯ ಪೆಟ್ಟಿಗೆ ಎಳೆದುಕೊಂಡಳು. ಸ್ಟಿಕ್ಕನ್ನು ತೊಡೆಗೆ ಒತ್ತಿಕೊಂಡು ಒಂದೊಂದೇ ಅಕ್ಷರ ನಿಲ್ಲಿಸಿದಳು. ಎರಡು ಸಲ ಕೈ ಜಾರಿ ಸಾಲು ಚೆಲ್ಲಿತು. ನೆಲದ ಮೇಲೆ ತೆವಳಿ ಆರಿಸಿಕೊಂಡು ಮತ್ತೆ ಕೂತಳು. ಡಬ್ಬಿಯ ಶಾಯಿ ಕೆನೆಗಟ್ಟಿತ್ತು. ಉಗುರಿನಿಂದ ಕೆನೆ ಹರಿದು, ಬೆರಳ ತುದಿಯಿಂದ ಮೊಳೆಗಳ ಮುಖಕ್ಕೆ ಸವರಿದಳು. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಮೂರು ಸಲ ಒತ್ತಿ ನೋಡಿದಳು. ನಾಲ್ಕನೆಯದಕ್ಕೆ ಅರ್ಜಿಯನ್ನು ಮಗುಚಿ, ಚೌಕ ಸರಿಯಾಗಿ ಮೊಳೆಗಳ ಮೇಲೆ ಕೂರುವಂತೆ ಇಟ್ಟು, ಚಮಚದ ಬೆನ್ನಿನಿಂದ ಉಜ್ಜಿದಳು.

ಅಮ್ಮ ಗುಂಡಿಯ ಸೂಜಿ ಕೈಯಲ್ಲೇ ಹಿಡಿದು ನೋಡುತ್ತಿದ್ದಳು. ಕೊನೆಗೆ ಕೇಳಿದಳು, "ಏನಂತ ಒತ್ತಿದೀಯ?"

"ಓದಿದ್ದೇನೆ. ಒಪ್ಪಿಲ್ಲ."

ಅಮ್ಮ ಆ ಕರಿ ಗುರುತುಗಳನ್ನು ಬಹಳ ಹೊತ್ತು ನೋಡಿದಳು. "ನಿನ್ನೆ ಮನೆಗೆ ಬಂದು ನಂಗೆ ನಿಧಾನಕ್ಕೆ ಹೇಳ್ಬಹುದಿತ್ತಲ್ಲೇ. ಅವರ ಎದುರಿಗೇ..."

"ಹೇಳ್ದೆನಲ್ಲ. ನೀನು ಥ್ಯಾಂಕ್ಸ್ ಅಂದೆ."

ಅಮ್ಮ ಸೂಜಿಯನ್ನು ಅಂಗಿಗೆ ಚುಚ್ಚಿದಳು. ಗುಂಡಿ ಇರಲಿಲ್ಲ ಅಲ್ಲಿ. ಬರೀ ಬಟ್ಟೆಯನ್ನೇ ನಾಲ್ಕು ಹೊಲಿಗೆ ಹೊಲಿದು, ನೋಡಿಕೊಂಡು, ಮತ್ತೆ ಬಿಚ್ಚತೊಡಗಿದಳು.

ಸೋಮವಾರ ಮೇಡಂ ಅರ್ಜಿ ನೋಡಿದರು. ಮೊದಲು ನಗು ಬಂತು, ಆಮೇಲೆ ಹೋಯಿತು. "ಯಾರು ಮಾಡಿಕೊಟ್ಟಿದ್ದು ಇದನ್ನ?"

ಪುಟ್ಟಿ ಶಾಯಿ ಮೆತ್ತಿದ ತನ್ನ ಬೆರಳುಗಳನ್ನು ಎತ್ತಿ ತೋರಿಸಿದಳು.

"ಇದು ನಡೆಯಲ್ಲ ಪುಟ್ಟಿ. ಈ ಚೌಕದಲ್ಲಿ ಹೆಬ್ಬೆಟ್ಟೇ ಬೇಕು. ಇಲ್ಲಾಂದ್ರೆ ನಾಳೆಯಿಂದ ಇಲ್ಲಿ ನಿನ್ನ ಹೆಸರಿರಲ್ಲ. ಪಾಸೂ ಇಲ್ಲ. ಗೊತ್ತಾಯ್ತಾ? ಪಾಪ, ನಿಮ್ಮಮ್ಮನ ಬಗ್ಗೆನಾದ್ರೂ ಯೋಚನೆ ಮಾಡು." ಮೇಡಂ ಹೊಸ ಅರ್ಜಿಯೊಂದನ್ನು ತೆಗೆದು, ಅದರ ಮೇಲೆ ಶಾಯಿಯ ಮೆತ್ತೆ ಇಟ್ಟು ಅವಳ ಮುಂದೆ ಸರಿಸಿದರು.

ಪುಟ್ಟಿ ಅಮ್ಮನ ಬಗ್ಗೆ ಯೋಚನೆ ಮಾಡಿದಳು. ಬೆಳಿಗ್ಗೆ ಎಂಟಕ್ಕೆ ಹಾಕುವ ಬೀಗ, ಹಗಲಿಡೀ ಗೋಡೆ, ಸಂಜೆ ಆರಕ್ಕೆ ತೆಗೆಯುವ ಬೀಗ, ಆ ಹನ್ನೆರಡು ವರ್ಷ. ಹೆಬ್ಬೆರಳು ಮಡಿಲಲ್ಲಿ ತಾನಾಗಿಯೇ ಬಿಚ್ಚಿಕೊಂಡಿತು. ಅದಕ್ಕೂ ಅಭ್ಯಾಸವಾಗಿತ್ತು. ಅವಳು ಅದನ್ನು ಉಳಿದ ಬೆರಳುಗಳೊಳಗೆ ಮಡಚಿಕೊಂಡು, ತನ್ನ ಅರ್ಜಿಯನ್ನಷ್ಟೇ ಎತ್ತಿಕೊಂಡು, ಮನೆಯಿಂದ ತಂದಿದ್ದ ಭಾರದ ಚೀಲವನ್ನು ಹೆಗಲಿಗೇರಿಸಿ ಎದ್ದಳು.

ಕೆಲಸದ ಕೋಣೆಯನ್ನು ದಾಟಿಯೇ ಹೊರಗೆ ಹೋಗಬೇಕು. ಅಣ್ಣ ತಲೆ ಎತ್ತಿ ನೋಡಿದ. ಅವಳ ಚೀಲವನ್ನು ನೋಡಿದ, ಖಾಲಿ ಜಾಗವನ್ನು ನೋಡಿದ. ಆಮೇಲೆ ತನ್ನ ಸೀಮೆಸುಣ್ಣದ ತಟ್ಟೆಯನ್ನು ಆ ಜಾಗಕ್ಕೆ ಅರ್ಧ ಸರಿಸಿಕೊಂಡ. ಮೊಣಕೈ ಆಡಿಸಲು ಅವನಿಗೆ ಯಾವತ್ತೂ ಜಾಗ ಸಾಲುತ್ತಿರಲಿಲ್ಲ.

ಔಷಧಿ ಕಾರ್ಖಾನೆಗೆ ಬಸ್ಸಿನಲ್ಲಿ ಐದು ನಿಲ್ದಾಣ. ಅವಳು ನಡೆದಳು. ದಾರಿಯುದ್ದಕ್ಕೂ ಓದುತ್ತಾ ಹೋದಳು: ಗಾಡಿ ನಿಲ್ಲಿಸಬೇಡಿ. ಇಲ್ಲಿ ಬೀಗದ ಕೈ ಮಾಡಿಕೊಡಲಾಗುತ್ತದೆ. ಬಾಡಿಗೆಗೆ ಕೋಣೆ, ಒಬ್ಬರಿಗೆ ಮಾತ್ರ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಗೇಟು ಬಂತು. ಗೇಟಿನ ಪಕ್ಕದ ಹಲಗೆಯ ಮೇಲೆ, 'ಲೇಬಲ್ ವಿಭಾಗಕ್ಕೆ ಕೆಲಸಗಾರರು ಬೇಕಾಗಿದ್ದಾರೆ' ಎಂದಿತ್ತು. ಬಿಸಿಲಿಗೆ ಬಣ್ಣ ಹೋಗಿತ್ತು. ಹಾಕಿ ಬಹಳ ಕಾಲವಾಗಿರಬೇಕು.

"ಏನಮ್ಮ?" ಎಂದ ಕಾವಲುಗಾರ.

ಅವಳು ಹೇಳಿದಳು.

"ಏನು?"

ಅವಳು ಮತ್ತೆ ಹೇಳಿದಳು.

"ಅರ್ಥ ಆಗಲ್ಲಮ್ಮ ನಂಗೆ. ಜೊತೇಲಿ ಯಾರೂ ಬಂದಿಲ್ವಾ? ಯಾರನ್ನಾದ್ರೂ ಕರ್ಕೊಂಡು ಬಾ."

ಅವಳು ತಲೆಯಾಡಿಸಿದಳು. ಯಾರೂ ಬಂದಿಲ್ಲ. ಯಾರೂ ಬರುವುದಿಲ್ಲ.

ಗೇಟಿನ ಎದುರಿನ ಕಲ್ಲಿನ ಮೇಲೆ ಕೂತು ಚೀಲದಿಂದ ಸ್ಟಿಕ್ಕು ತೆಗೆದಳು, ಬಟ್ಟೆಯ ಗಂಟಿನಲ್ಲಿ ಕಟ್ಟಿಕೊಂಡಿದ್ದ ಮೊಳೆಗಳನ್ನು ಮಡಿಲಿಗೆ ಸುರಿದುಕೊಂಡಳು. ಕಾವಲುಗಾರ ಸ್ಟೂಲಿನಿಂದ ಎದ್ದು, ಇವಳೇನು ಮಾಡುತ್ತಾಳೆಂದು ನೋಡಲು ಕತ್ತು ಚಾಚಿದ. ಅವನಿಗೆ ತಿಳಿಯದ ಮಾತನ್ನು ಅವಳು ಮೊದಲಿನಿಂದ ಹುಡುಕತೊಡಗಿದಳು, ಒಂದೊಂದೇ ಅಕ್ಷರ, ತಲೆಕೆಳಗಾಗಿ.